ಹಲ್ಲಿನ ಒಳಬದಿ

ಮುಂಬೈ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಒಬ್ಬ ತಾಯಿ ಕಾಲೇಜು ಓದುವ ಮಗಳನ್ನು ಕರೆತಂದಿದ್ದರು. ‘ಡಾಕ್ಟ್ರೇ, ತಣ್ಣೀರು ಕುಡಿದ್ರೂ ಇವಳಿಗೆ ಹಲ್ಲು ಜುಂ ಅನ್ನುತ್ತಂತೆ. ಒಳ್ಳೆ ಪೇಸ್ಟ್ ಬರ್ಕೊಡಿ’ ಎಂದರು.

ಕನ್ನಡಿ ಇಟ್ಟು ನೋಡಿದೆ. ಹಲ್ಲುಗಳ ಹೊರಬದಿ ಚೆನ್ನಾಗಿಯೇ ಇತ್ತು. ಮೇಲಿನ ಮುಂದಿನ ಹಲ್ಲುಗಳ ಒಳಬದಿ ಮಾತ್ರ ಎನಾಮಲ್ ಸವೆದು, ನುಣ್ಣಗೆ, ಹಳದಿಯಾಗಿತ್ತು. ದವಡೆ ಹಲ್ಲಿನ ಹಳೆಯ ಫಿಲ್ಲಿಂಗ್ ದಿಬ್ಬದ ಹಾಗೆ ಎದ್ದು ನಿಂತಿತ್ತು. ಫಿಲ್ಲಿಂಗ್ ಬೆಳೆದದ್ದಲ್ಲ, ಸುತ್ತಲಿನ ಹಲ್ಲು ಕರಗಿತ್ತು.

ಹೊಟ್ಟೆಯ ಆಸಿಡ್ ಪದೇ ಪದೇ ಬಾಯಿಗೆ ಬಂದರೆ ಹೀಗಾಗುತ್ತದೆ. ಜೋರು ಆಸಿಡಿಟಿ ಇದ್ದವರಲ್ಲೂ ಕಾಣುತ್ತದೆ. ಹಾಗಾಗಿ ನೋಡಿದ ಕೂಡಲೇ ತೀರ್ಮಾನ ಮಾಡುವುದಿಲ್ಲ, ಕೇಳುತ್ತೇನೆ. ಎಕ್ಸ್‌ರೇ ನೆಪದಲ್ಲಿ ತಾಯಿಯನ್ನು ಹೊರಗೆ ಕೂರಿಸಿ, ‘ಊಟ ಆದ್ಮೇಲೆ ವಾಂತಿ ಆಗುತ್ತಾ, ಇಲ್ಲಾ ನೀನೇ ಮಾಡ್ಕೊಳ್ತೀಯಾ?’ ಎಂದೆ. ಹುಡುಗಿ ಬಲಗೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. ಬೆರಳಿನ ಗೆಣ್ಣಿನ ಮೇಲೆ ಜಡ್ಡುಗಟ್ಟಿದ ಕಲೆ ಅಷ್ಟರಲ್ಲೇ ಕಂಡಿತ್ತು. ಗಂಟಲಿಗೆ ಬೆರಳು ಹಾಕುವಾಗ ಹಲ್ಲು ತಾಗಿ ಆಗುವ ಗುರುತು ಅದು. ಒಮ್ಮೆಲೇ ಮಿತಿಮೀರಿ ತಿಂದು, ಆಮೇಲೆ ವಾಂತಿ ಮಾಡಿಕೊಳ್ಳುವಂಥ ಕಾಯಿಲೆಗೆ ಬುಲಿಮಿಯಾ ಅನ್ನುತ್ತಾರೆ. ಅದನ್ನು 1979ರಲ್ಲಿ ವಿವರಿಸಿದ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸ್ಸೆಲ್ ಅವರ ಹೆಸರಿನಲ್ಲೇ ಈ ಗುರುತನ್ನು ಕರೆಯುತ್ತಾರೆ.

ಮಗಳು ಸಣ್ಣಗಾಗಿರಲಿಲ್ಲ, ಅದಕ್ಕೇ ತಾಯಿಗೆ ಅನುಮಾನ ಬಂದಿರಲಿಲ್ಲ. ಬುಲಿಮಿಯಾದಲ್ಲಿ ಎಷ್ಟೋ ಜನರ ತೂಕ ಮಾಮೂಲಾಗಿಯೇ ಇರುತ್ತದೆ. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿ ಊದಿಕೊಂಡು, ‘ಮುಖ ತುಂಬ್ಕೊಂಡಿದೆ’ ಅಂತ ನೆಂಟರು ಹೊಗಳುವುದೂ ಉಂಟು! ದಪ್ಪಗಾಗುವ ಭಯಕ್ಕೆ ಊಟವನ್ನೇ ಕಡಿಮೆ ಮಾಡುವ ಅನೊರೆಕ್ಸಿಯಾದ ದಾರಿ ಬೇರೆ: ತೂಕ ಇಳಿಯುತ್ತದೆ, ಮುಟ್ಟು ನಿಲ್ಲಬಹುದು, ಮುಂಬೈ ಸೆಖೆಯಲ್ಲೂ ಚಳಿ ಅನ್ನುತ್ತಾರೆ.

ಹಾಗಾಗಿ ತೂಕಕ್ಕಿಂತ ಊಟದ ಆಚೀಚೆ ಏನಾಗುತ್ತದೆ ಅನ್ನುವುದನ್ನು ಗಮನಿಸಿ. ತಟ್ಟೆ ಬಿಟ್ಟೆದ್ದ ಕೂಡಲೇ ಬಾತ್‌ರೂಮು, ಒಳಗೆ ಜೋರಾಗಿ ಬಿಟ್ಟ ನಲ್ಲಿ. ಒಂದೇ ಕೋಣೆಯ ಮನೆಯಲ್ಲೂ ಇದನ್ನು ಮುಚ್ಚಿಡುತ್ತಾರೆ. ರಾತ್ರಿ ಖಾಲಿಯಾಗುವ ಬಿಸ್ಕತ್ತಿನ ಡಬ್ಬಿ. ‘ಕ್ಯಾಂಟೀನಲ್ಲಿ ತಿಂದೆ’ ಎಂಬ ದಿನಾ ಒಂದೇ ಉತ್ತರ. ಇನ್ನು ಉಪವಾಸ. ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲ ಒಬ್ಬಳೇ ಹಿಡಿಯುತ್ತಿದ್ದರೆ ಅದೆಲ್ಲ ಭಕ್ತಿಯೇ ಎಂದು ಸುಮ್ನಿರಬೇಡಿ. ಹುಡುಗರೂ ಇದಕ್ಕೆ ಹೊರತಲ್ಲ. ಅವರದ್ದು ಜಿಮ್ಮು, ಡಯಟ್ಟು ಅನ್ನುವ ಹೆಸರಲ್ಲಿ ನಡೆಯುತ್ತದೆ, ಅಷ್ಟೇ.

ಗೊತ್ತಾದ ಮೇಲೆ ಬಾತ್‌ರೂಮಿನ ಬಾಗಿಲು ಬಡಿಯಬೇಡಿ. ತೂಕದ ಮಾತು, ಆಣೆ ಭಾಷೆ ಯಾವುದೂ ಬೇಡ. ‘ಊಟ ಆದ್ಮೇಲೆ ನಿಂಗೆ ಕಷ್ಟ ಆಗ್ತಿದೆ ಅನ್ಸುತ್ತೆ, ಹೌದಾ?’ ಅಂತ ಒಂದು ಸಲ ಕೇಳಿ, ಕಾಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯವರೂ ಫೋನ್ ಮಾಡಬಹುದು. ತಲೆ ಸುತ್ತಿ ಬಿದ್ದರೆ, ಎದೆ ಡವಡವ ಅಂದರೆ ಮಾತ್ರ ಕಾಯಬೇಡಿ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ನೇರ ಆಸ್ಪತ್ರೆಗೆ ಹೋಗಿ.

ಆ ಹುಡುಗಿಗೆ, ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡ, ಬರೀ ನೀರಲ್ಲಿ ಬಾಯಿ ಮುಕ್ಕಳಿಸು ಎಂದೆ. ಆಸಿಡ್ ತಾಗಿ ಮೆತ್ತಗಾದ ಎನಾಮಲ್ ಉಜ್ಜಿದರೆ ಇನ್ನೂ ಸವೆಯುತ್ತದೆ.

‘ಅಮ್ಮಂಗೆ ನೀವೇ ಹೇಳ್ತೀರಾ?’ ಎಂದಳು.

‘ಇಬ್ರೂ ಸೇರಿ ಹೇಳೋಣ’ ಎಂದೆ. ಫಿಲ್ಲಿಂಗ್ ಮುಂದಕ್ಕೆ ಹಾಕಿ, ಮೊದಲು ರಕ್ತ ಪರೀಕ್ಷೆಗೆ ಚೀಟಿ ಬರೆದೆ.