ಮಂಗ ಸತ್ತ ಸುದ್ದಿಯನ್ನು ವರದಿ ಬರುವವರೆಗೆ ತಡೆಹಿಡಿಯಬೇಡಿ

ಮಂಗನ ಕಾಯಿಲೆಯ ಕುರಿತು ನಡೆಯುವ ಅಂತರರಾಜ್ಯ ಸಭೆಗಳಲ್ಲಿ ಸತ್ತ ಮಂಗಗಳ ಬಗ್ಗೆ ಒಂದು ಮಾತನ್ನು ನಾನು ತಪ್ಪದೆ ಕೇಳುತ್ತೇನೆ: "ಪ್ರಯೋಗಾಲಯದ ವರದಿ ಬರಲಿ, ದೃಢಪಟ್ಟ ಕೂಡಲೇ ಪಕ್ಕದ ರಾಜ್ಯಕ್ಕೆ ತಿಳಿಸುತ್ತೇವೆ." ಹೀಗೆ ಹೇಳುವವರು ಹೊಣೆಗೇಡಿಗಳಲ್ಲ. ಅವರಲ್ಲಿ ಹೆಚ್ಚಿನವರು ಕೆಲಸ ಬಲ್ಲವರು. ಖಚಿತವಾಗದ ಸುದ್ದಿಯನ್ನು ಹಬ್ಬಿಸಬಾರದೆಂಬ ಕಾಳಜಿಯೂ ಅವರಿಗಿದೆ. ಆದರೆ ಈ ಕಾಯಿಲೆಯ ಮಟ್ಟಿಗೆ ಆ ಒಂದು ವಾಕ್ಯವೇ ಸಮನ್ವಯವನ್ನು ಕೆಡಿಸುತ್ತದೆ ಎಂಬುದನ್ನು ಸಾಂಕ್ರಾಮಿಕ ರೋಗಗಳ ಕಣ್ಗಾವಲಿನಲ್ಲಿ ಕೆಲಸ ಮಾಡುವ ವೈದ್ಯನಾಗಿ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವನ್ನು ಬಹುಕಾಲ ಮಲೆನಾಡಿನ ಸಮಸ್ಯೆಯೆಂದೇ ತಿಳಿಯಲಾಗಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಅವುಗಳ ಕಳೇಬರಗಳನ್ನು ವಿಲೇವಾರಿ ಮಾಡಿದ ಕೆಲಸಗಾರರೇ ಕಾಯಿಲೆ ಬಿದ್ದರು. ಅದರ ಬೆನ್ನಿಗೇ ನೀಲಗಿರಿಯ ಮಂಗಗಳಲ್ಲಿ ಸೋಂಕು ಕಂಡಿತು, ವಯನಾಡಿನಲ್ಲಿ ಮನುಷ್ಯರಿಗೂ ತಗುಲಿತು. 2015ರಲ್ಲಿ ವಯನಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಕಾಯಿಲೆಗೆ ತುತ್ತಾದರು. ಅದೇ ವರ್ಷ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ರೋಗ ಪತ್ತೆಯಾಯಿತು. ಬಂಡೀಪುರ, ಮುದುಮಲೈ, ವಯನಾಡು ಎಂದು ನಾವು ಮೂರು ಹೆಸರಿನಿಂದ ಕರೆಯುವುದು ಒಂದಕ್ಕೊಂದು ಅಂಟಿಕೊಂಡಿರುವ ಒಂದೇ ಕಾಡನ್ನು.

ವರದಿಗಾಗಿ ಏಕೆ ಕಾಯಬಾರದು ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಮಂಗನಿಂದ ಮನುಷ್ಯನಿಗೆ ರೋಗ ನೇರವಾಗಿ ದಾಟುವುದಕ್ಕಿಂತ ಉಣ್ಣೆಯ (ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಜೀವಿಯ) ಕಡಿತದಿಂದ ತಗಲುವುದೇ ಹೆಚ್ಚು. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣ್ಣೆಗಳು ಅಲ್ಲೇ ಸುತ್ತಮುತ್ತಲಿನ ತರಗೆಲೆಗೆ ಉದುರುತ್ತವೆ. ಎಳ್ಳುಕಾಳಿಗಿಂತ ಚಿಕ್ಕದಾದ ಉಣ್ಣೆಮರಿಗಳು ಮನುಷ್ಯರನ್ನು ಹೆಚ್ಚಾಗಿ ಕಚ್ಚುವ ಕಾಲ ಸುಮಾರಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ದರಗು ಗುಡಿಸಲು, ಸೌದೆ ತರಲು, ಗೇರುಹಣ್ಣು ಕೊಯ್ಯಲು ಜನ ಕಾಡಿಗೆ ಇಳಿಯುವುದೂ ಇದೇ ತಿಂಗಳುಗಳಲ್ಲಿ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಕಾಡಿನಲ್ಲಿ ಕಳೇಬರವನ್ನು ಹುಡುಕಿ, ಪಶುವೈದ್ಯರನ್ನು ಕರೆಸಿ, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಆ ಕೆಲವು ದಿನಗಳು ಕಳೆದೇ ಹೋಗಿರುತ್ತವೆ. ಎಷ್ಟೋ ಸಲ ಕಳೇಬರ ಪರೀಕ್ಷೆಗೆ ಬಾರದಷ್ಟು ಕೊಳೆತಿರುವುದರಿಂದ ಯಾವತ್ತೂ ದೃಢಪಡದೆಯೇ ಉಳಿಯುವ ಸಾವುಗಳೂ ಇವೆ. ಆದ್ದರಿಂದ ವರದಿಯನ್ನು ಕಾಯುತ್ತೇವೆ ಎನ್ನುವುದಕ್ಕೆ ವಾಸ್ತವದಲ್ಲಿ ಉಳಿಯುವ ಅರ್ಥ, ಜನ ಆ ತರಗೆಲೆಯ ಮೇಲೆ ಓಡಾಡಲಿ ಎಂಬುದಷ್ಟೇ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು, ಈ ವೈರಾಣುವಿಗೆಂದೇ ಇರುವ ಔಷಧಿಯೂ ಇಲ್ಲ. ಹೀಗಿರುವಾಗ ಆ ಜಾಗಕ್ಕೆ ಹೋಗಬೇಡಿ, ಹೋಗಲೇಬೇಕಾದರೆ ಉಣ್ಣೆಯನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮರಳಿ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ ಎಂದು ಹೊತ್ತಿಗೆ ಸರಿಯಾಗಿ ಹೇಳುವುದೇ ನಮ್ಮ ಕೈಯಲ್ಲಿರುವ ದೊಡ್ಡ ಸಾಧನ.

ಗಡಿಗೆ ಹತ್ತಿರದ ಒಂದು ಆದಿವಾಸಿ ಹಾಡಿಗೆ ಹೋಗಿದ್ದಾಗ ಅಲ್ಲಿಯ ಅರಣ್ಯ ವಾಚರ್ ಒಬ್ಬರು, ಪಕ್ಕದ ರಾಜ್ಯದ ಕಾಡಿನಲ್ಲಿ ಎರಡು ಮಂಗ ಸತ್ತಿವೆ ಎಂದು ಮಾತಿನ ನಡುವೆ ಹೇಳಿದರು. ನಮಗೆ ಅಂಥ ಪತ್ರ ಬಂದಿರಲಿಲ್ಲ. ಹೇಗೆ ಗೊತ್ತಾಯಿತೆಂದು ಕೇಳಿದೆ. "ನಮ್ ಭಾವ ಆ ಕಡೆ ವಾಚರ್ ಅಲ್ವಾ ಸಾ, ಮೊನ್ನೇನೇ ಫೋನ್ ಮಾಡಿದ್ದ. ಆ ಕಡೆ ದನ ಬಿಡಬೇಡ ಅಂದ," ಎಂದರು. ಅವರ ಮನೆಯ ದನಗಳು ಕೊಟ್ಟಿಗೆಯಲ್ಲೇ ಇದ್ದವು. ದನ ಕಾಡಿಗೆ ಹೋದರೆ ಮೈಗೆ ಉಣ್ಣೆ ಹತ್ತಿಸಿಕೊಂಡು ಬರುತ್ತದೆಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅಧಿಕೃತ ಪತ್ರ ನಮ್ಮ ಕಚೇರಿಗೆ ತಲುಪಿದ್ದು ಅದಾದ ಎಷ್ಟೋ ದಿನಗಳ ಮೇಲೆ. ಅದು ವಲಯ ಕಚೇರಿಯಿಂದ ಮೇಲಕ್ಕೆ ಹೋಗಿ, ರಾಜಧಾನಿ ಮುಟ್ಟಿ, ಅಲ್ಲಿಂದ ಇನ್ನೊಂದು ರಾಜಧಾನಿಗೆ ಬಂದು, ಅರಣ್ಯದಿಂದ ಆರೋಗ್ಯಕ್ಕೆ ದಾಟಿ, ಕೊನೆಗೆ ಜಿಲ್ಲೆಗೆ ಇಳಿದಿತ್ತು. ಆ ವಾಚರ್ ಮತ್ತು ಅವರ ಭಾವನ ಮೇಲೆ ನನಗೆ ಇರುವಷ್ಟು ಗೌರವ ನಮ್ಮ ಅನೇಕ ಸಮಿತಿಗಳ ಮೇಲೆ ಇಲ್ಲ.

ಅಧಿಕಾರದ ಹಂಚಿಕೆಯೂ ಇದಕ್ಕೆ ಒಂದು ಕಾರಣ ಎಂಬುದನ್ನು ಒಪ್ಪುತ್ತೇನೆ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ಅರಣ್ಯ ಮತ್ತು ವನ್ಯಜೀವಿ ರಕ್ಷಣೆ 1976ರ 42ನೇ ತಿದ್ದುಪಡಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಬಂದಿವೆ. ಮಂಗನ ಸಾವನ್ನು ಮೊದಲು ಕಾಣುವ ಇಲಾಖೆ ಒಂದು, ಜ್ವರದ ರೋಗಿಯನ್ನು ನೋಡುವ ಇಲಾಖೆ ಇನ್ನೊಂದು, ಇವೆರಡರ ನಡುವೆ ರಾಜ್ಯದ ಗಡಿ. ಆದರೂ ಅನುಮಾನದ ಹಂತದಲ್ಲೇ ತಿಳಿಸುವುದು ಸರ್ಕಾರಗಳಿಗೆ ಹೊಸ ಪಾಠವಲ್ಲ. 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ, ತನ್ನ ನೆಲದ ಘಟನೆಯೊಂದು ಅಂತರರಾಷ್ಟ್ರೀಯ ತುರ್ತುಸ್ಥಿತಿ ಆಗಬಹುದೆಂದು ಅಂದಾಜಿಸಿದ 24 ಗಂಟೆಗಳೊಳಗೆ ದೇಶವು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಕಾರಣವಾದ ರೋಗಾಣು ಯಾವುದೆಂದು ಗೊತ್ತಾಗುವವರೆಗೆ ಕಾಯುವಂತಿಲ್ಲ. ದೇಶದೇಶಗಳ ನಡುವೆ ಒಪ್ಪಿಕೊಂಡದ್ದನ್ನು ನಮ್ಮ ಗುಂಡ್ಲುಪೇಟೆ ಮತ್ತು ಗಡಿಯಾಚೆ ವಯನಾಡಿನ ಸುಲ್ತಾನ್ ಬತ್ತೇರಿಗಳ ನಡುವೆ ಪಾಲಿಸಲು ತೊಡಕೇನು ಎಂಬ ನನ್ನ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಜನ ಗಾಬರಿಗೊಳ್ಳುತ್ತಾರೆ, ಮಂಗಗಳನ್ನು ಹೊಡೆದು ಓಡಿಸುತ್ತಾರೆ, ಪ್ರವಾಸಿಗರು ಬರುವುದಿಲ್ಲ ಎಂಬ ಆತಂಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸತ್ತ ಮಂಗಗಳೆಲ್ಲ ಈ ಕಾಯಿಲೆಯಿಂದಲೇ ಸತ್ತವಲ್ಲ. ವಿದ್ಯುತ್ ತಂತಿ, ನಾಯಿ, ವಾಹನ, ವಿಷ ಹೀಗೆ ಕಾರಣಗಳು ಹಲವಿವೆ. ಆದರೆ ನಾನು ಕೇಳುತ್ತಿರುವುದು ಪತ್ರಿಕಾ ಪ್ರಕಟಣೆಯನ್ನಲ್ಲ. ಒಂದು ಜಿಲ್ಲೆಯ ಆರೋಗ್ಯಾಧಿಕಾರಿ ಮತ್ತು ಅರಣ್ಯಾಧಿಕಾರಿ ಗಡಿಯಾಚೆಯ ತಮ್ಮ ಸರಿಸಮಾನರಿಗೆ ಅದೇ ದಿನ ಕಳುಹಿಸುವ ನಾಲ್ಕು ಸಾಲು: ಎಲ್ಲಿ, ಯಾವಾಗ, ಎಷ್ಟು, ಮುಟ್ಟಿದವರು ಯಾರು. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದರೆ ಅದನ್ನೂ ಇನ್ನೊಂದು ಸಾಲಿನಲ್ಲಿ ತಿಳಿಸಿದರಾಯಿತು.

ಸುದ್ದಿ ಎದುರು ದಿಕ್ಕಿನಲ್ಲಿಯೂ ಹೋಗಬೇಕು. 2016ರಲ್ಲಿ ಗೋವಾದ ಗೇರುತೋಟಗಳಲ್ಲಿ ದುಡಿದು ಬಂದ ಬೆಳಗಾವಿ ಜಿಲ್ಲೆಯ ಕೂಲಿಕಾರ್ಮಿಕರಲ್ಲಿ ರೋಗ ಕಾಣಿಸಿತು: ಜ್ವರ ಕರ್ನಾಟಕದ ಲೆಕ್ಕದಲ್ಲಿ, ಉಣ್ಣೆ ಕಚ್ಚಿದ ತೋಟ ಗೋವಾದಲ್ಲಿ. ರೋಗಿಯ ವಿಳಾಸವನ್ನಷ್ಟೇ ಬರೆದುಕೊಂಡು ಹಿಂದಿನ ಹತ್ತು ದಿನ ಎಲ್ಲಿ ಕೆಲಸ ಮಾಡಿದ್ದರೆಂದು ಕೇಳದಿದ್ದರೆ ಆ ತೋಟದಲ್ಲಿ ಇನ್ನೂ ದುಡಿಯುತ್ತಿರುವವರಿಗೆ ಎಚ್ಚರಿಕೆ ಮುಟ್ಟುವುದೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ಈ ಪ್ರಶ್ನೆಗೆ ಒಂದು ಸಾಲು ಮೀಸಲಿರಬೇಕು. ಗಡಿ ಜಿಲ್ಲೆಗಳು ಬದಲಿಸಿಕೊಳ್ಳುವ ಫೋನ್ ಸಂಖ್ಯೆ ವರ್ಗವಾಗಿ ಹೋಗುವ ಅಧಿಕಾರಿಯ ಸ್ವಂತದ್ದಾಗಿರದೆ ಹುದ್ದೆಗೆ ಸೇರಿದ್ದಾಗಿರಬೇಕು. ಮತ್ತು ಆ ಸಂಖ್ಯೆಗಳ ಪಟ್ಟಿ ಅಕ್ಟೋಬರ್ ಮುಗಿಯುವುದರೊಳಗೆ ಎರಡೂ ಕಡೆಯ ವಾಚರ್‌ಗಳ ಕೈಯಲ್ಲಿರಬೇಕು.