ಕವಳ, ಕೂಲಿ ಮತ್ತು ಹಲ್ಲು

ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವವರಿಗೆ ಹಗಲು ರಾತ್ರಿ ಇಲ್ಲ. ಹಸಿ ಅಡಿಕೆ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸಬೇಕು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರಿಗೆ ಸುಲಿದಷ್ಟೇ ಕೂಲಿ. ನಿದ್ದೆ ತಡೆಯಲು ಸಕ್ಕರೆ ಜಾಸ್ತಿ ಹಾಕಿದ ಚಹಾ, ಆಮೇಲೊಂದು ಕವಳ. ಎಲೆ, ಅಡಿಕೆ, ಸುಣ್ಣ, ಒಂದೆಸಳು ತಂಬಾಕು. ಅದು ಕೆನ್ನೆಯ ಮೂಲೆಯಲ್ಲೇ ಬಹಳ ಹೊತ್ತು ಕೂರುತ್ತದೆ.

ತೋಟದ ಯಜಮಾನರೂ ಕವಳ ಹಾಕುತ್ತಾರೆ, ಅಲ್ವಾ? ಹೌದು. ಆದರೆ ಬಾಯೊಳಗೆ ಬಿಳಿ ಮಚ್ಚೆ (ಕ್ಯಾನ್ಸರಿನ ಮುನ್ಸೂಚನೆಯೂ ಇರಬಹುದು) ಕಂಡರೆ ಅವರು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ತೋರಿಸಿಕೊಂಡು ಬರುತ್ತಾರೆ. ಕೂಲಿಯವರಿಗೆ ಒಂದು ದಿನದ ದುಡಿಮೆಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಲ್ಲು ಹುಳುಕಾದರೂ ಅಷ್ಟೇ. ಬೇರು ಶುಚಿ ಮಾಡಿ ಹಲ್ಲು ಉಳಿಸುವ ರೂಟ್ ಕೆನಾಲ್ ಅಂದರೆ ಎರಡು ಮೂರು ಸಲ ಓಡಾಟ, ಸಾವಿರಾರು ರೂಪಾಯಿ. ಕೀಳಿಸಿದರೆ ಒಂದೇ ದಿನದಲ್ಲಿ ಮುಗಿಯಿತು. ‘ಕಿತ್ತು ಹಾಕಿಬಿಡಿ ಡಾಕ್ಟ್ರೇ’ ಅನ್ನುವುದು ಅಜ್ಞಾನವಲ್ಲ, ಲೆಕ್ಕಾಚಾರ.

ತಂಬಾಕು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ಹೇಳಿತ್ತು. 2004ರಲ್ಲಿ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆಯಿಂದಲೇ ಬದುಕುವ ಊರಿನಲ್ಲಿ ಈ ಮಾತು ಇಂದಿಗೂ ಮೆತ್ತಗೇ ಕೇಳಿಸುತ್ತದೆ. ಕರ್ನಾಟಕ 2013ರಲ್ಲಿ ತಂಬಾಕು ಬೆರೆಸಿದ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು, ಅಷ್ಟೇ.

ಹಲ್ಲು ಹಾಳಾಗಿದ್ದಕ್ಕೆ ಬರೀ ಚಟವನ್ನು ದೂರುವವರು ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಅಧ್ಯಯನ ನೋಡಬೇಕು. 1972-73ರಲ್ಲಿ ಅಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. 26ನೇ ವಯಸ್ಸಿನಲ್ಲಿ ನೋಡಿದರೆ, ಬಡ ಮನೆಯಲ್ಲಿ ಬೆಳೆದವರಲ್ಲಿ ಹೆಚ್ಚು ಹುಳುಕು ಹಲ್ಲಿದ್ದವರು ಅನುಕೂಲಸ್ಥರ ಮೂರು ಪಟ್ಟು. ಮುಂದೆ ಒಳ್ಳೆಯ ಕೆಲಸ ಸಿಕ್ಕವರಿಗೂ ಬಾಲ್ಯದ ಏಟು ಅಳಿಸಿರಲಿಲ್ಲ. 2002ರಲ್ಲಿ ಪ್ರಕಟವಾದ ಫಲಿತಾಂಶ ಇದು.

ನಮ್ಮ ರಾಜ್ಯದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಶಾಲೆಯ ತಪಾಸಣೆಯಲ್ಲಿ ಹುಳುಕು ಕಂಡರೆ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಅಂತ ಮನೆಯವರು ಸುಮ್ನಾಗುತ್ತಾರೆ. ಹಾಲುಹಲ್ಲು ಹೊತ್ತಿಗೆ ಮುಂಚೆ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ಸರಿಯುತ್ತವೆ. ಮುಂದೆ ಬರುವ ಹಲ್ಲು ಸೊಟ್ಟ ಹುಟ್ಟಬಹುದು, ಸಂದಿಯಲ್ಲಿ ಅನ್ನ ಸಿಕ್ಕಿ ಅದೂ ಹುಳುಕಾಗಬಹುದು.