ಮಂಗನ ಕಾಯಿಲೆಯ ಕಾಡಿನಲ್ಲಿ ಪ್ರಾಣಿಶಾಸ್ತ್ರಜ್ಞರ ಕೆಲಸ

ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದಂಚಿನ ಊರುಗಳಲ್ಲಿ ಡಿಸೆಂಬರ್ ಕಳೆಯಿತೆಂದರೆ ದರಕು ಗುಡಿಸುವ ಕಾಲ. ಸೊಪ್ಪಿನ ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಬುಟ್ಟಿ ತುಂಬಿ ಕೊಟ್ಟಿಗೆಗೆ ತಂದು ದನದ ಕಾಲಡಿಗೆ ಹಾಸುತ್ತಾರೆ. ಸಗಣಿ, ಗಂಜಲ ಬೆರೆತ ಮೇಲೆ ಅದೇ ಅಡಿಕೆ ತೋಟಕ್ಕೆ ಗೊಬ್ಬರ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಇದೆ. ಇದೇ ತಿಂಗಳುಗಳಲ್ಲಿ ಆ ದರಕಿನ ನಡುವೆ ಉಣುಗಿನ ನಿಂಫ್ ಎಂಬ ಎಳೆಯ ಹಂತವೂ ತುಂಬಿಕೊಂಡಿರುತ್ತದೆ. ಉಣುಗು ಕಚ್ಚಿ ಹರಡುವ ವೈರಸ್ ಜ್ವರವಾದ ಮಂಗನ ಕಾಯಿಲೆ ಚಳಿಗಾಲದಲ್ಲಿ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಇಳಿಯುವುದಕ್ಕೆ ಕಾರಣ ಇದು. ವೈರಸ್ಸನ್ನು ಗುರುತಿಸಲು ಪ್ರಯೋಗಾಲಯ ಸಾಕು. ಅದು ಯಾವ ತಿಂಗಳು, ಯಾವ ಬೆಟ್ಟದಲ್ಲಿ, ಯಾವ ಪ್ರಾಣಿಯ ಮೈಮೇಲಿದೆ ಎಂದು ಹೇಳಲು ಕಾಡು ಸುತ್ತುವ ಪ್ರಾಣಿಶಾಸ್ತ್ರಜ್ಞರು ಬೇಕು.

ಈ ರೋಗ ಪತ್ತೆಯಾದದ್ದೇ ಪ್ರಾಣಿಗಳ ಸಾವಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲ ಊರಿನವರು ಜ್ವರದಿಂದ ಮಲಗಿದರು. ಮಂಗ ಸಾಯುವುದನ್ನು ಕಂಡು ಮೊದಲು ಹಳದಿ ಜ್ವರದ ಸಂಶಯ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪ್ರತ್ಯೇಕಿಸಿದ ವೈರಸ್ ಮಾತ್ರ ರಷ್ಯಾದ ಉಣುಗು ಹರಡುವ ಮಿದುಳುಜ್ವರದ ವೈರಸ್‌ಗೆ ಹತ್ತಿರದ್ದಾಗಿತ್ತು. ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಪ್ರಶ್ನೆ ಎದ್ದದ್ದು ಆಗ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡದ್ದಕ್ಕೆ ಈ ಸಂಶಯವೂ ಒಂದು ಪ್ರೇರಣೆ. ನಮ್ಮ ದೇಶದ ಹಕ್ಕಿ ವಲಸೆಯ ಅಧ್ಯಯನಕ್ಕೆ ಮಲೆನಾಡಿನ ಒಂದು ಜ್ವರದ ಋಣವಿದೆ.

ಮುಖ್ಯ ವಾಹಕ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಅದು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯ ಮೇಲೆ. ಮಳೆಗಾಲದಲ್ಲಿ ದನ, ಕಡವೆ, ಕಾಟಿಯಂಥ ದೊಡ್ಡ ಪ್ರಾಣಿಗಳ ಮೇಲೆ ರಕ್ತ ಕುಡಿದ ಹೆಣ್ಣು ಉದುರಿ ಎಲೆಯಡಿ ಮೊಟ್ಟೆಯಿಡುತ್ತದೆ. ಮಳೆ ಬಿಟ್ಟ ಮೇಲೆ ಆರು ಕಾಲಿನ ಲಾರ್ವಾಗಳು ಗುಂಪುಗುಂಪಾಗಿ ಎಲೆತುದಿಗೆ ಹತ್ತುತ್ತವೆ. ಇಲಿ, ಸುಂಡಿಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಮಂಗ, ಯಾವುದು ಹಾದುಹೋದರೂ ಹಿಡಿದುಕೊಳ್ಳುತ್ತವೆ. ರಕ್ತ ಕುಡಿದು ಉದುರಿ ಪೊರೆ ಕಳಚಿದರೆ ಎಂಟು ಕಾಲಿನ ನಿಂಫ್. ರಾಗಿ ಕಾಳಿನಷ್ಟು ಗಾತ್ರ. ಮನುಷ್ಯನಿಗೆ ರೋಗ ಹಚ್ಚುವುದು ಹೆಚ್ಚಾಗಿ ಇದೇ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ ಎನ್ನುವುದು ಅದರ ದೊಡ್ಡ ಅಪಾಯ. ಲಾರ್ವಾ ಹಂತದಲ್ಲಿ ಸೋಂಕಿದ ಪ್ರಾಣಿಯಿಂದ ಕುಡಿದ ವೈರಸ್ ಪೊರೆ ಕಳಚಿದ ಮೇಲೂ ಅದರೊಳಗೆ ಉಳಿದಿರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಉಣುಗು ಹಿಡಿಯುವ ಕೆಲಸ ನೋಡಲು ಸುಲಭ, ಮಾಡಲು ನಾಜೂಕು. ಸುಮಾರು ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ, ಎರಡು ತುದಿಗೆ ಹಗ್ಗ ಹಾಕಿ ದರಕಿನ ಮೇಲೆ ನಿಧಾನ ಎಳೆಯಬೇಕು. ನುಣುಪಾದ ಹತ್ತಿ ಬಟ್ಟೆ ಆಗದು. ಫ್ಲಾನೆಲ್ಲಿನ ಜುಂಗಿಗೆ ಉಣುಗಿನ ಉಗುರು ಸಿಕ್ಕಿಕೊಳ್ಳುತ್ತದೆ. ಉಣುಗಿನ ಮುಂಗಾಲಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಹಾಗೂ ಮೈಶಾಖವನ್ನು ಗ್ರಹಿಸುವ ಅಂಗವಿದೆ. ಅದು ಮುಂಗಾಲು ಚಾಚಿ ಕಾಯುತ್ತಿರುವಾಗ ಬಟ್ಟೆ ತಾಗಿದರೆ ಸಾಕು, ಏರಿಬಿಡುತ್ತದೆ. ಹತ್ತು ಮೀಟರಿಗೊಮ್ಮೆ ನಿಂತು ಬಟ್ಟೆಯನ್ನು ಎರಡೂ ಬದಿ ನೋಡಬೇಕು. ತಡ ಮಾಡಿದರೆ ಹತ್ತಿದ್ದು ಉದುರಿಹೋಗಿ ಲೆಕ್ಕ ತಪ್ಪುತ್ತದೆ. ಬೆಳಗಿನ ಇಬ್ಬನಿ ಆರುವ ಮುಂಚೆ ಎಳೆದರೆ ಬಟ್ಟೆ ಒದ್ದೆಯಾಗಿ ಒಂದೂ ಹತ್ತುವುದಿಲ್ಲ, ನಡುಮಧ್ಯಾಹ್ನ ಎಳೆದರೆ ಬಿಸಿಲಿಗೆ ಅವು ದರಕಿನಡಿ ಇಳಿದಿರುತ್ತವೆ. ಲಂಟಾನ ಪೊದೆಯಲ್ಲಿ ಬಟ್ಟೆ ನೆಲ ಮುಟ್ಟುವುದೇ ಇಲ್ಲ. ಅಂಥಲ್ಲಿ ಉಣುಗು ಸಿಗಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ಆದ್ದರಿಂದ ಎಷ್ಟು ಸಿಕ್ಕಿತು ಎನ್ನುವುದರ ಜತೆ ಎಷ್ಟು ಮೀಟರ್ ಎಳೆದದ್ದು, ಯಾವ ಹೊತ್ತು, ನೆಲದಲ್ಲಿ ಏನಿತ್ತು ಎಂಬುದನ್ನೂ ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಹಿಡಿದ ಉಣುಗನ್ನು ಮೊಂಡು ಚಿಮಟದಿಂದ ಎತ್ತಿ, ಹಸಿ ಹುಲ್ಲಿನ ಎಸಳಿಟ್ಟ ಗಾಜಿನ ಕೊಳವೆಗೆ ಹಾಕಿ ಹತ್ತಿಯಿಂದ ಬಿಗಿಯುತ್ತಾರೆ. ಹುಲ್ಲು ಒಣಗಿದರೆ ಉಣುಗು ಸಾಯುತ್ತದೆ, ನೀರು ನಿಂತರೆ ಬೂಸ್ಟು ಹಿಡಿಯುತ್ತದೆ. ಜಾಗದ ಹೆಸರು, ತಾರೀಖು ಬರೆದ ಚೀಟಿಗೆ ಪೆನ್ಸಿಲ್ಲೇ ಬೇಕು. ಆಲ್ಕೋಹಾಲ್ ತಾಗಿದರೆ ಪೆನ್ನಿನ ಶಾಯಿ ಕರಗುತ್ತದೆ, ದಿನದ ಶ್ರಮವೂ ಜತೆಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ತಣ್ಣನೆಯ ತಟ್ಟೆಯ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಜಾತಿ ಬೇರ್ಪಡಿಸುತ್ತಾರೆ. ಹೆಮಾಫೈಸಾಲಿಸ್ ಕುಲಕ್ಕೆ ಕಣ್ಣಿಲ್ಲ, ಬಾಯಿಯ ಪಕ್ಕದ ಅಂಗದ ಎರಡನೆಯ ಗೆಣ್ಣು ಹೊರಕ್ಕೆ ಚಾಚಿರುತ್ತದೆ. ಕುಲ ಗುರುತಿಸಲು ಅಷ್ಟು ಸಾಕು, ನಿಂಫ್‌ನ ಜಾತಿ ಗುರುತಿಸಲು ಮಾತ್ರ ಪಳಗಿದ ಕಣ್ಣು ಬೇಕು. ಒಂದೇ ಜಾತಿ, ಒಂದೇ ಹಂತ, ಒಂದೇ ಜಾಗದ ಉಣುಗುಗಳನ್ನು ಗುಂಪು ಮಾಡಿ ಅರೆದು ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಜೀವಂತ ವೈರಸ್ ಬೆಳೆಸುವ ಕೆಲಸ ಎಲ್ಲೆಂದರಲ್ಲಿ ಆಗದು. ಅದಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು.

ಸತ್ತ ಮಂಗ ಕಂಡರೆ ಯಾರೂ ಮುಟ್ಟಬಾರದು. ದೇಹ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲ ದರಕಿನಲ್ಲಿ ಹರಡಿಕೊಳ್ಳುತ್ತವೆ. ಮಂಗ ಬಿದ್ದ ಜಾಗ ವಾರಗಟ್ಟಲೆ ಅಪಾಯದ ಜಾಗ. ಅರಣ್ಯ, ಪಶುವೈದ್ಯ, ಆರೋಗ್ಯ ಇಲಾಖೆಗಳಿಗೆ ಕೂಡಲೇ ತಿಳಿಸಿದರೆ ಪಶುವೈದ್ಯರು ರಕ್ಷಾಕವಚ ತೊಟ್ಟು ಅಂಗಗಳ ಮಾದರಿ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಾರೆ. ದೇಹವನ್ನು ಸುಡುತ್ತಾರೆ. ಸುತ್ತ ಸುಮಾರು 50 ಅಡಿವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುತ್ತಾರೆ. ಕೊಳೆತ ದೇಹದಲ್ಲಿ ವೈರಸ್ ಸಿಗುವುದು ಕಷ್ಟ, ಹಾಗಾಗಿ ಎರಡು ದಿನ ತಡವಾಗಿ ಬಂದ ಸುದ್ದಿಗೆ ‘ಸೋಂಕಿಲ್ಲ’ ಎಂಬ ಫಲಿತಾಂಶ ಬಂದರೆ ಅದನ್ನು ನಂಬಿ ಕೂರಬಾರದು. ಪುಡಿ ಎರಚಲೇಬೇಕು.

ಇಲ್ಲಿ ವನ್ಯಜೀವಿ ರಕ್ಷಣೆ ಮತ್ತು ರೋಗ ತಡೆ ಎರಡೂ ಒಂದೇ ಕೆಲಸ. ಬಾಳೆ, ಅಡಿಕೆ, ಏಲಕ್ಕಿ ಹಾಳುಮಾಡುವ ಮಂಗದ ಮೇಲೆ ಕೃಷಿಕರಿಗೆ ಸಿಟ್ಟಿರುವುದು ಸಹಜ, ನಷ್ಟ ನಿಜವಾದದ್ದು. ಆದರೆ ಮಂಗ ಹಿಡಿದು ಗೂಡಿನಲ್ಲಿ ತುಂಬಿ ಇನ್ನೊಂದು ಕಾಡಿನಲ್ಲಿ ಬಿಟ್ಟು ಬರುವುದಿದೆಯಲ್ಲ, ಅದು ಉಣುಗನ್ನೂ ವೈರಸ್ಸನ್ನೂ ವಾಹನ ಮಾಡಿ ಕಳಿಸಿದ ಹಾಗೆ. ಮುಸಿಯ ಮತ್ತು ಕೆಂಪು ಮಂಗ ಎರಡೂ ಈ ರೋಗಕ್ಕೆ ಬಲಿಯಾಗುವ ಪ್ರಾಣಿಗಳು. ಅವುಗಳ ಸಾವು ಊರಿಗೆ ಸಿಗುವ ಮೊದಲ ಎಚ್ಚರಿಕೆಯೂ ಹೌದು. ಶಿರಸಿ, ಸಿದ್ದಾಪುರ, ಹೊನ್ನಾವರದ ನಡುವಿನ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕವೂ ಇದೆ. 2011ರಲ್ಲಿ ಅದಕ್ಕೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಅಲ್ಲಿನ ಗುಂಪುಗಳನ್ನು ಎಣಿಸುವವರು ಏನು ತಿಂದವು ಎಂಬುದನ್ನೂ ಬರೆದುಕೊಳ್ಳುತ್ತಾರೆ. ಮಳೆಗಾಲದ ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಬೇಕು, ಊರಿನವರ ಆದಾಯಕ್ಕೂ ಬೇಕು. ಹಣ್ಣಾಗುವ ಮುಂಚೆಯೇ ಕೊಂಬೆ ಕಡಿದು ಕೊಯ್ದರೆ ಇಬ್ಬರಿಗೂ ನಷ್ಟ.

ಕಾಡು ಕಡಿದ ಕಡೆ ಈ ರೋಗ ಹೆಚ್ಚಿದ್ದನ್ನು 1960ರ ದಶಕದಲ್ಲೇ ವಿಜ್ಞಾನಿ ಜಾರ್ಜ್ ಬೊಶೆಲ್ ಎತ್ತಿ ಹೇಳಿದ್ದರು: ಕಾಡಿನ ನಡುವೆ ಗದ್ದೆ, ತೋಟ, ಮೇವಿನ ಜಾಗ ಬಂದರೆ ದನ ಒಳಗೆ ಹೋಗುತ್ತದೆ, ದನದ ಮೇಲೆ ದೊಡ್ಡ ಉಣುಗು ಹೊಟ್ಟೆ ತುಂಬಿಕೊಂಡು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ದನ ವೈರಸ್ಸನ್ನು ಹೆಚ್ಚಿಸುವುದಿಲ್ಲ, ಉಣುಗನ್ನು ಹೆಚ್ಚಿಸುತ್ತದೆ. ಈಚಿನ ನಕ್ಷೆ ಆಧಾರಿತ ಅಧ್ಯಯನಗಳೂ ಕಾಡು, ತೋಟ ಬೆರೆತ ಜಾಗಗಳನ್ನೇ ಅಪಾಯದ ಜಾಗ ಎಂದು ತೋರಿಸಿವೆ. ಆದ್ದರಿಂದ ಕೊಟ್ಟಿಗೆಯೂ ಪ್ರಾಣಿಶಾಸ್ತ್ರಜ್ಞರ ಕಾರ್ಯಕ್ಷೇತ್ರವೇ. ಉಣುಗು ಕೊಲ್ಲುವ ಫ್ಲುಮೆಥ್ರಿನ್ 1% ದ್ರಾವಣವನ್ನು ದನದ 10 ಕಿಲೋ ತೂಕಕ್ಕೆ 1 ಮಿಲಿಯಂತೆ ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನೆಲುಬಿನ ಗುಂಟ ಸುರಿಯುವುದು ಒಂದು ಕ್ರಮ. 300 ಕಿಲೋ ಹಸುವಿಗೆ 30 ಮಿಲಿ. ಕಣ್ಣಂದಾಜಿನಲ್ಲಿ ಅರ್ಧ ಹಾಕಿದರೆ ಬದುಕುಳಿದ ಉಣುಗಿನ ಸಂತತಿಗೆ ಔಷಧ ನಾಟದಂತಾಗುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಹಾಲು ಕರೆಯುವ ಹಸುವಿಗೆ ಕೊಡುವಂತಿಲ್ಲ. ಎರಡನ್ನೂ ಪಶುವೈದ್ಯರನ್ನು ಕೇಳಿಯೇ ಬಳಸಬೇಕು.

ಕಾಡಿಗೆ ಹೋಗುವವರ ಜೀವವೂ ಮುಖ್ಯ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತೆರೆದ ಮೈಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ ಹೋಗಬೇಕು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತಿಕ್ಕಿ ಸ್ನಾನ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ಉಗುರಿನಲ್ಲಿ ಹಿಸುಕಬಾರದು, ಸೀಮೆಎಣ್ಣೆ ಹಾಕಬಾರದು. ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಸೊಂಟ ಕಾಲಿನ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರುಕಳಿಸಿ ಮಿದುಳಿಗೆ ತಾಗುತ್ತದೆ. ನಿರ್ದಿಷ್ಟ ಔಷಧ ಇಲ್ಲ. ಹಳೆಯ ಲಸಿಕೆಯ ರಕ್ಷಣೆ ಸಾಲದೆಂದು ಕಂಡ ಮೇಲೆ ಅದರ ಬಳಕೆ ನಿಂತಿದೆ, ಹೊಸದರ ಕೆಲಸ ನಡೆದಿದೆ.

ಈ ದಾರಿಗೆ ಬರುವವರಿಗೆ ಪ್ರಾಣಿಶಾಸ್ತ್ರದ ಬಿಎಸ್ಸಿ ಮೆಟ್ಟಿಲು ಮಾತ್ರ. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ. ವನ್ಯಜೀವಿ ವಿಜ್ಞಾನಕ್ಕೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಕೀಟ ಮತ್ತು ಉಣುಗಿನಿಂದ ಬರುವ ರೋಗಗಳಿಗೆ ಪುದುಚೇರಿಯ ವೆಕ್ಟರ್ ನಿಯಂತ್ರಣ ಸಂಶೋಧನಾ ಕೇಂದ್ರದ ಸ್ನಾತಕೋತ್ತರ ಕೋರ್ಸು ಇದೆ. ಆ ಕೇಂದ್ರವನ್ನು ಕಟ್ಟಿ ಬೆಳೆಸಿದ ಪಿ. ಕೆ. ರಾಜಗೋಪಾಲನ್ ಎಳೆವಯಸ್ಸಿನಲ್ಲಿ ಮಲೆನಾಡಿನ ಇದೇ ರೋಗದ ಕಾಡಿನಲ್ಲಿ ಉಣುಗು ಹಿಡಿದವರು. ಅಂಕಿಅಂಶ ಶಾಸ್ತ್ರ, ನಕ್ಷೆ ತಯಾರಿಸುವ ತಂತ್ರಾಂಶ ಇವೆರಡನ್ನು ಮೊದಲ ವರ್ಷದಿಂದಲೇ ಕಲಿಯುವುದು ಒಳ್ಳೆಯದು. ಬಹುತೇಕ ಹುದ್ದೆಗಳು ಯೋಜನೆ ಇರುವಷ್ಟು ಕಾಲದ ಗುತ್ತಿಗೆಯವು ಎಂಬುದನ್ನೂ ತಿಳಿದೇ ಬರಬೇಕು. ಬೇಸಿಗೆ ರಜೆಯಲ್ಲಿ ತರಬೇತಿ ಕೇಳಿಕೊಂಡು ಮೇ ಕೊನೆಗೆ ಬರುವ ವಿದ್ಯಾರ್ಥಿಗಳಿಗೆ ನಿಂಫ್ ಕಾಲ ಮುಗಿಯುತ್ತಾ ಬಂದಿರುತ್ತದೆ. ಅಕ್ಟೋಬರಿನಲ್ಲಿ, ಲಾರ್ವಾಗಳು ಎಲೆತುದಿ ಹತ್ತುವ ಹೊತ್ತಿಗೆ ಬಂದು ಏಪ್ರಿಲ್‌ವರೆಗೆ ಒಂದೇ ಬೆಟ್ಟದಲ್ಲಿ ತಿಂಗಳಿಗೆರಡು ಸಲ ಬಟ್ಟೆ ಎಳೆದವರ ಕೈಗೆ ಒಂದು ಪೂರ್ತಿ ಋತುವಿನ ಲೆಕ್ಕ ಸಿಗುತ್ತದೆ.